ಮಿಠಾಯಿಯ ಮನೆ: ಕ್ರಿಸ್‌ಮಸ್ ಹಬ್ಬಕ್ಕೆ ಕೈಯಾರೆ ಮಾಡುವ ಹೊರಾಂಗಣದ ಅಲಂಕಾರ

ಅಮೆರಿಕಾ ದೇಶದಲ್ಲಿ ನವೆಂಬರ್ ತಿಂಗಳಿನ ನಾಲ್ಕನೆಯ ಗುರುವಾರ ಬರುವ ಕೃತಜ್ಞತಾದಿನವು ಕಳೆಯಿತೆಂದರೆ ಊರುಗಳ ಬೀದಿಗಳೆಲ್ಲ ಬೇರೊಂದು ವೇಷವನ್ನು ತಾಳುವುವು. ಮನೆಮನೆಯ ಸೂರಿನಂಚಿಗೆ ದೀಪಗಳ ಸಾಲು, ಬಾಗಿಲಿಗೆ ಹಸುರು ಎಲೆಯ ಬಳೆ, ಅಂಗಳದಲ್ಲಿ ಬಗೆಬಗೆಯ ಪ್ರತಿಮೆಗಳು. ಇವುಗಳ ನಡುವೆ ಮಕ್ಕಳ ಕಣ್ಣನ್ನು ಎಲ್ಲಕ್ಕಿಂತ ಮೊದಲು ಸೆಳೆಯುವುದು ಮಿಠಾಯಿಯ ಮನೆ. ಕೆಂಪು ಬಿಳಿ ಪಟ್ಟೆಯ ಊರುಗೋಲುಗಳು ದಾರಿಯ ಎರಡು ಕಡೆಯೂ ಕಾವಲು ನಿಂತಿರುತ್ತವೆ. ತಟ್ಟೆಯಗಲದ ಲಾಲಿಪಾಪುಗಳು ಹೂವಿನ ಗಿಡಗಳಂತೆ ನೆಲದಿಂದೆದ್ದಿರುತ್ತವೆ. ನಮ್ಮ ವಾಚಕರಲ್ಲಿ ಅನೇಕರ ಮಕ್ಕಳೂ ಮೊಮ್ಮಕ್ಕಳೂ ಈಗ ಆ ದೇಶದಲ್ಲಿ ಸಂಸಾರ ಹೂಡಿರುವುದರಿಂದಲೂ, ಚಳಿಗಾಲದಲ್ಲಿ ಅಲ್ಲಿಗೆ ಹೋಗಿ ಇರುವ ಹಿರಿಯರಿಗೆ ಕೈಗೊಂದು ಕೆಲಸ ಬೇಕಾಗಿರುವುದರಿಂದಲೂ, ಈ ಅಲಂಕಾರವನ್ನು ಅಂಗಡಿಯಿಂದ ಕೊಂಡು ತರದೆ ಮನೆಯವರೆಲ್ಲ ಸೇರಿ ಮಾಡಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲು ಹೊರಟಿದ್ದೇವೆ.

ಹಬ್ಬಕ್ಕೂ ಮಿಠಾಯಿಗೂ ಈ ನಂಟು ಎಲ್ಲಿಂದ ಬಂತೆಂಬುದನ್ನು ಮೊದಲು ನೋಡೋಣ. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಪ್ರಕಟಿಸಿದ ಕಥಾಸಂಗ್ರಹದಲ್ಲಿ ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಎಂಬ ಅಣ್ಣತಂಗಿಯರ ಕಥೆಯುಂಟು. ಕಾಡಿನಲ್ಲಿ ದಾರಿತಪ್ಪಿದ ಆ ಮಕ್ಕಳಿಗೆ ರೊಟ್ಟಿಯ ಗೋಡೆ, ಸಿಹಿಭಕ್ಷ್ಯದ ಮಾಡು, ಸಕ್ಕರೆಯ ಕಿಟಕಿಗಳುಳ್ಳ ಮನೆಯೊಂದು ಗೋಚರಿಸುತ್ತದೆ. ಶುಂಠಿ ರೊಟ್ಟಿಯಿಂದ ಪುಟ್ಟ ಮನೆ ಕಟ್ಟಿ ಅದಕ್ಕೆ ಮಿಠಾಯಿ ಅಂಟಿಸುವ ಪದ್ಧತಿಗೆ ಈ ಕಥೆಯಿಂದ ದೊರೆತ ಪ್ರಚಾರ ಅಲ್ಪವಲ್ಲ. ಅನಂತರ 1892ರಲ್ಲಿ ರಷ್ಯದ ಸಂಗೀತಗಾರ ಚೈಕೋವ್‌ಸ್ಕಿಯ ‘ನಟ್‌ಕ್ರ್ಯಾಕರ್’ ಎಂಬ ನೃತ್ಯರೂಪಕವು ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಮೊದಲು ಆಡಲ್ಪಟ್ಟಿತು. ಅದರ ಎರಡನೆಯ ಅಂಕವು ನಡೆಯುವುದು ಮಿಠಾಯಿಯ ರಾಜ್ಯದಲ್ಲಿ. ಈಗಿನ ಕಾಲದಲ್ಲಿ ಕ್ರಿಸ್‌ಮಸ್ ಬಂದಾಗಲೆಲ್ಲ ಈ ರೂಪಕವನ್ನು ಅಮೆರಿಕಾದ ಊರೂರುಗಳಲ್ಲಿ ಆಡುತ್ತಾರೆ. ಹೀಗೆ ಕಥೆಯ ಮನೆಯೂ ರಂಗದ ರಾಜ್ಯವೂ ಕೂಡಿ ಅಂಗಳಕ್ಕೆ ಇಳಿದವೆಂದು ಹೇಳಬಹುದು.

ಊರುಗೋಲಿನ ಆಕಾರದ ಮಿಠಾಯಿಯನ್ನು ಕುರಿತು ಅನೇಕ ದಂತಕಥೆಗಳಿವೆ. ಕ್ಯಾಥೀಡ್ರಲಿನ ಗಾಯನಗುರುವೊಬ್ಬನು ಮಕ್ಕಳನ್ನು ಸುಮ್ಮನಿರಿಸಲು ಕುರುಬನ ಕೋಲಿನಂತೆ ಇದನ್ನು ಬಾಗಿಸಿದನೆಂಬ ಕಥೆ ಬಹಳ ಪ್ರಸಿದ್ಧವಾದರೂ ಅದಕ್ಕೆ ದೃಢವಾದ ಆಧಾರವಿಲ್ಲ. ಮೊದಲು ಈ ಮಿಠಾಯಿ ಬರಿಯ ಬಿಳಿಯದಾಗಿತ್ತು. ಕೆಂಪು ಪಟ್ಟೆ 20ನೆಯ ಶತಮಾನದ ಆದಿಭಾಗದಲ್ಲಿ ರೂಢಿಗೆ ಬಂತು. ಕೈಯಿಂದಲೇ ಬಾಗಿಸುತ್ತಿದ್ದ ಕಾಲದಲ್ಲಿ ಮುರಿದು ಹಾಳಾಗುತ್ತಿದ್ದುದು ಹೆಚ್ಚು. ಜಾರ್ಜಿಯಾ ಸಂಸ್ಥಾನದ ಆಲ್ಬನಿ ಊರಿನಲ್ಲಿ ಬಾಬ್ ಮೆಕಾರ್ಮಕ್ ಎಂಬವರು ಇದರ ಕಾರ್ಖಾನೆ ನಡೆಸುತ್ತಿದ್ದರು. ಅವರ ಬಂಧುವೂ ಕ್ಯಾಥೊಲಿಕ್ ಪಾದ್ರಿಯೂ ಆಗಿದ್ದ ಗ್ರೆಗರಿ ಕೆಲ್ಲರ್ ಎಂಬವರು 1950ರ ದಶಕದಲ್ಲಿ ಕೋಲನ್ನು ತಾನೇ ಬಾಗಿಸುವ ಯಂತ್ರವನ್ನು ನಿರ್ಮಿಸಿದಂದಿನಿಂದ ಅದು ಬಡವರ ಮಕ್ಕಳಿಗೂ ಎಟಕುವಂತಾಯಿತು.

ಇನ್ನೊಂದು ಸಂಗತಿಯನ್ನು ಸಂಸ್ಕೃತದ ಅಭಿಮಾನಿಗಳಾದ ನಾವು ಹೇಳದೆ ಬಿಡಲಾರೆವು. ಇಂಗ್ಲಿಷರ ‘ಕ್ಯಾಂಡಿ’ ಎಂಬ ಶಬ್ದವು ನಮ್ಮ ‘ಖಂಡ’ ಶಬ್ದದ ದೂರದ ಮೊಮ್ಮಗು. ಖಂಡವೆಂದರೆ ತುಂಡು, ಅದರಿಂದ ಹರಳುಗಟ್ಟಿದ ಸಕ್ಕರೆಯ ತುಂಡು. ಈ ಶಬ್ದವು ಪಾರಸಿಯಲ್ಲಿ ‘ಕಂದ್’ ಆಗಿ, ಅರಬ್ಬಿಯಲ್ಲಿ ‘ಕಂದೀ’ ಆಗಿ, ಫ್ರೆಂಚ್ ಭಾಷೆಯನ್ನು ದಾಟಿ ಇಂಗ್ಲಿಷಿಗೆ ಸೇರಿತು. ‘ಶರ್ಕರಾ’ ಶಬ್ದವು ಇದೇ ದಾರಿಯನ್ನು ಹಿಡಿದು ‘ಶುಗರ್’ ಆಯಿತು. ಅಮರಸಿಂಹನು ತನ್ನ ಕೋಶದಲ್ಲಿ ಶರ್ಕರಾ, ಸಿತಾ ಮೊದಲಾದ ಹೆಸರುಗಳನ್ನು ಒಂದೆಡೆ ಸೇರಿಸಿಟ್ಟಿದ್ದಾನೆ. ಇದನ್ನು ಹೇಳುವುದು ಹೆಮ್ಮೆ ಕೊಚ್ಚಿಕೊಳ್ಳುವುದಕ್ಕಲ್ಲ. ಪದಾರ್ಥವೂ ಪದವೂ ಜೊತೆಯಾಗಿ ಊರೂರು ತಿರುಗಿ ಮನೆಯವರಿಗೆ ಗುರುತು ಸಿಗದಷ್ಟು ಬೆಳೆದು ಬರುವುದುಂಟೆಂದು ತೋರಿಸುವುದಕ್ಕೆ. ಸಂಕ್ರಾಂತಿಯಲ್ಲಿ ಮರದ ಅಚ್ಚಿಗೆ ಪಾಕ ಹೊಯ್ದು ಆನೆ, ಗಿಳಿ, ಬೃಂದಾವನಗಳನ್ನು ತೆಗೆಯುವ ನಮ್ಮ ಗೃಹಿಣಿಯರಿಗೆ ಸಕ್ಕರೆಯಿಂದ ರೂಪ ಮಾಡುವುದು ಹೊಸ ವಿದ್ಯೆಯೇನೂ ಅಲ್ಲ.

ಇನ್ನು ಕೆಲಸಕ್ಕೆ ಬರೋಣ. ಮೊದಲನೆಯ ನಿಯಮ: ಹೊರಗಡೆ ನಿಜವಾದ ಮಿಠಾಯಿಯನ್ನು ಎಂದಿಗೂ ಕಟ್ಟತಕ್ಕದ್ದಲ್ಲ. ಮಳೆ ಮಂಜಿಗೆ ಅದು ಕರಗಿ ಗೋಡೆಯನ್ನು ಕೆಡಿಸುವುದಲ್ಲದೆ ಅಳಿಲುಗಳನ್ನೂ ಇತರ ಪ್ರಾಣಿಗಳನ್ನೂ ಬಾಗಿಲಿಗೆ ಕರೆಯುವುದು. ಆದುದರಿಂದ ನೀರು ಹಿಡಿಯದ ಸಾಮಗ್ರಿಗಳಿಂದ ಮಿಠಾಯಿಯ ಭ್ರಾಂತಿಯನ್ನು ಹುಟ್ಟಿಸಬೇಕು.

ಊರುಗೋಲಿಗೆ ಬೇಕಾದುದು ಈಜುಕೊಳದಲ್ಲಿ ಮಕ್ಕಳು ಹಿಡಿದು ತೇಲುವ, ನಡುವೆ ತೂತಿರುವ, ಮೆತ್ತನೆಯ ಪೂಲ್ ನೂಡಲ್ ಎಂಬ ಕೊಳವೆ. ಬಿಳಿಯದನ್ನು ಆರಿಸಿಕೊಳ್ಳಿರಿ. ಬೇಸಗೆಯ ಕೊನೆಯಲ್ಲಿ ಇದು ಅಗ್ಗವಾಗಿ ದೊರೆಯುವುದರಿಂದ ದೂರದೃಷ್ಟಿಯುಳ್ಳ ಗೃಹಸ್ಥರು ಆಗಲೇ ತಂದಿಡುವರು. ಮೇಲಿನ ಮೂರನೆಯ ಒಂದು ಭಾಗದ ತೂತಿನೊಳಕ್ಕೆ ದಪ್ಪನೆಯ ಅಲ್ಯುಮಿನಿಯಮ್ ತಂತಿಯನ್ನು ತೂರಿಸಿ ಬಾಗಿಸಿದರೆ ಕೊಳವೆ ಆ ಬಾಗನ್ನು ಹಿಡಿದು ನಿಲ್ಲುವುದು. ತಂತಿಯ ಎರಡು ತುದಿಗಳನ್ನೂ ಮಡಚಿ ಮೊಂಡು ಮಾಡಿಕೊಳ್ಳುವುದನ್ನು ಮರೆಯಬಾರದು. ಬಾಗಿಸಿದ ಮೇಲೆಯೇ ಕೆಂಪು ಅಂಟುಪಟ್ಟಿಯನ್ನು ಸುತ್ತಬೇಕು. ಮೊದಲೇ ಸುತ್ತಿದರೆ ಬಾಗಿದಲ್ಲಿ ಪಟ್ಟಿ ಸುಕ್ಕುಗಟ್ಟಿ ಏಳುವುದು.

ಪಟ್ಟಿ ಸಮನಾಗಿ ಬರುವುದಕ್ಕೆ ಸ್ವಲ್ಪ ಗಣಿತ ಸಹಾಯಕ. ಒಂದು ಕಾಗದದ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು ಅದನ್ನು ಕೋಲಿಗೆ ಸುತ್ತಿದರೆ ನೇರವಾದ ಗೆರೆಯೇ ಸುತ್ತುಗೆರೆಯಾಗುವುದನ್ನು ಮಕ್ಕಳಿಗೆ ತೋರಿಸಿರಿ. ಕೊಳವೆಯ ದಪ್ಪ ಎರಡೂವರೆ ಅಂಗುಲವಾದರೆ ಸುತ್ತಳತೆ ಸುಮಾರು 8 ಅಂಗುಲ. ಪ್ರತಿ 8 ಅಂಗುಲಕ್ಕೊಂದು ಗುರುತು ಹಾಕಿ, ಒಂದು ಸುತ್ತಿಗೆ ಒಂದು ಗುರುತು ಏರುವಂತೆ ಸುತ್ತಿದರೆ ಪಟ್ಟಿಯ ಓರೆ ಸರಿಯಾಗಿ 45 ಅಂಶ. ಎರಡು ಅಂಗುಲ ಅಗಲದ ಪಟ್ಟಿಯು ಆಗ ಕೋಲಿನ ಉದ್ದದಲ್ಲಿ ಸುಮಾರು 3 ಅಂಗುಲವನ್ನು ಕೆಂಪು ಮಾಡಿ 5 ಅಂಗುಲವನ್ನು ಬಿಳಿಯಾಗಿ ಬಿಡುವುದು. ಒಂದು ಸುತ್ತಿಗೆ ಬೇಕಾಗುವ ಪಟ್ಟಿ 8 ಅಂಗುಲದ ಚೌಕದ ಕರ್ಣದಷ್ಟು, ಎಂದರೆ 11 ಅಂಗುಲಕ್ಕೆ ತುಸು ಹೆಚ್ಚು. ಚೌಕದ ಕರ್ಣದ ಈ ಲೆಕ್ಕವನ್ನು ಬೌಧಾಯನರ ಶುಲ್ಬಸೂತ್ರದಲ್ಲಿ ಯಜ್ಞವೇದಿಗೆ ಹಗ್ಗ ಹಿಡಿಯುವವರಿಗಾಗಿ ಹೇಳಿದೆ. ನಾಲ್ಕೂವರೆ ಅಡಿಯ ಕೋಲೊಂದಕ್ಕೆ ಆರೂವರೆ ಅಡಿ ಪಟ್ಟಿ ಸಾಕು. ಹತ್ತು ಕೋಲುಗಳಿಗೆ 65 ಅಡಿ. ದಾರಿಯ ಎಡಬಲಗಳಲ್ಲಿ ನಿಲ್ಲಿಸುವುದಾದರೆ ಒಂದು ಕಡೆಯವಕ್ಕೆ ಬಲಸುತ್ತು, ಇನ್ನೊಂದು ಕಡೆಯವಕ್ಕೆ ಎಡಸುತ್ತು ಕೊಟ್ಟರೆ ಕನ್ನಡಿಯ ಪ್ರತಿಬಿಂಬದಂತೆ ಶೋಭಿಸುವುವು.

ನಿಲ್ಲಿಸುವುದಕ್ಕೆ ಮೂರು ಅಡಿಯ ಕಬ್ಬಿಣದ ಸರಳು ಬೇಕು. ಅರ್ಧವನ್ನು ನೆಲದಲ್ಲಿ ನೆಟ್ಟು ಉಳಿದರ್ಧದ ಮೇಲೆ ಕೊಳವೆಯನ್ನು ತೊಡಿಸಬೇಕು. ಉತ್ತರದ ಸಂಸ್ಥಾನಗಳಲ್ಲಿ ಡಿಸೆಂಬರಿನ ನೆಲ ಹೆಪ್ಪುಗಟ್ಟಿ ಕಲ್ಲಾಗುವುದರಿಂದ ಅಲಂಕಾರಕ್ಕೆ ಆತುರವಿಲ್ಲದಿದ್ದರೂ ಸರಳುಗಳನ್ನು ಮಾತ್ರ ಮುಂಚಿತವಾಗಿ ನೆಟ್ಟು, ಯಾರೂ ಎಡವದಂತೆ ಕೂಡಲೇ ಕೊಳವೆ ತೊಡಿಸಿಬಿಡಬೇಕು. ನೆಲದೊಳಗೆ ಅನಿಲದ ಕೊಳವೆ, ವಿದ್ಯುತ್ತಿನ ತಂತಿಗಳು ಹಾದಿರುವುದುಂಟು; ಅಗೆಯುವವರು 811 ಎಂಬ ಸಂಖ್ಯೆಗೆ ಮೊದಲು ತಿಳಿಸಿದರೆ ಸಂಬಂಧಪಟ್ಟವರು ಬಂದು ಗುರುತು ಹಾಕಿ ಹೋಗುವ ಏರ್ಪಾಡು ಆ ದೇಶದಲ್ಲಿದೆ.

ಲಾಲಿಪಾಪಿಗೆ ಅಂಗಡಿಯ ಫಲಕಗಳಿಗೆ ಬಳಸುವ ಪ್ಲಾಸ್ಟಿಕ್ ಹಾಳೆಯಿಂದ 20 ಅಂಗುಲ ಅಡ್ಡಳತೆಯ ಬಿಲ್ಲೆಗಳನ್ನು ಕತ್ತರಿಸಿರಿ. ನಡುವೆ ಬೆರಳು ಗಾತ್ರದ ಗೂಟವನ್ನು ಹಿಡಿದು ಅದಕ್ಕೆ ದಾರ ಸುತ್ತಿ, ದಾರದ ತುದಿಗೆ ಪೆನ್ಸಿಲು ಕಟ್ಟಿ, ದಾರವನ್ನು ಬಿಗಿಯಾಗಿ ಹಿಡಿದು ಬಿಚ್ಚುತ್ತ ಹೋದರೆ ಸುಳಿಗೆರೆ ತಾನಾಗಿ ಮೂಡುವುದು. ಗೂಟದ ಸುತ್ತಳತೆಯೆಷ್ಟೋ ಸುಳಿಯ ಸುತ್ತುಗಳ ನಡುವಣ ಅಂತರವೂ ಅಷ್ಟೇ. ಗೆರೆಯ ಆಚೀಚೆ ಬೇರೆ ಬೇರೆ ಬಣ್ಣ ತುಂಬಿ, ಬಿಳಿಯ ಪ್ಲಾಸ್ಟಿಕ್ ಕೊಳವೆಯ ಕಾಲು ಕಟ್ಟಿ, ಹೊಳೆಯುವ ಹಾಳೆಯಿಂದ ಹೊದಿಸಿ ಕುತ್ತಿಗೆಗೆ ನಾಡೆ ಬಿಗಿದರೆ ಮುಗಿಯಿತು. ನಿಜವಾದ ಸೆಲೋಫೇನ್ ಹಾಳೆಯನ್ನು ಸ್ವಿಟ್ಜರ್ಲೆಂಡಿನ ಬ್ರಾಂಡೆನ್‌ಬರ್ಗರ್ ಎಂಬವರು 20ನೆಯ ಶತಮಾನದ ಆರಂಭದಲ್ಲಿ ಸಸ್ಯದ ನಾರಿನ ಸತ್ತ್ವದಿಂದ ತಯಾರಿಸಿದರು. ಲೇಪವಿಲ್ಲದ ಅಂತಹ ಹಾಳೆ ತೇವವನ್ನು ಕುಡಿದು ಸಡಿಲವಾಗುವುದು. ಹೊರಗಿನ ಕೆಲಸಕ್ಕೆ ಪಾಲಿಪ್ರೊಪಿಲೀನ್ ಹಾಳೆಯನ್ನು ಕೇಳಿ ತರುವುದು ಲೇಸು.

ಪೆಪ್ಪರ್‌ಮಿಂಟ್ ಬಿಲ್ಲೆಗೆ ಎರಡು ಪ್ಲಾಸ್ಟಿಕ್ ತಟ್ಟೆಗಳನ್ನು ಬಾಯಿಗೆ ಬಾಯಿ ಕೂಡಿಸಬೇಕು. ಕೈವಾರವನ್ನು ತ್ರಿಜ್ಯದಷ್ಟು ಅಗಲಿಸಿ ಪರಿಧಿಯ ಮೇಲೆ ನಡೆಸಿದರೆ ಸರಿಯಾಗಿ ಆರು ಭಾಗವಾಗುವುದು. ನಡುವಿನಿಂದ ಆ ಗುರುತುಗಳಿಗೆ ನೇರಗೆರೆಯ ಬದಲು ಬಾಗುಗೆರೆ ಎಳೆದು, ಒಂದು ಬಿಟ್ಟು ಒಂದು ಭಾಗಕ್ಕೆ ಕೆಂಪು ತುಂಬಿರಿ. ಮೇಲೆ ಹಾಳೆ ಸುತ್ತಿ ಎರಡು ಕಡೆಯೂ ತಿರುಚಿದರೆ ಸೂರಿಗೆ ತೂಗುವ ಮಿಠಾಯಿ ಸಿದ್ಧ. ಹೂಕುಂಡಗಳನ್ನು ಬೋರಲು ಹಾಕಿ ಹಸುರು, ಹಳದಿ, ಊದಾ ಬಣ್ಣ ಬಳಿದು, ಬಣ್ಣ ಹಸಿಯಿರುವಾಗಲೇ ಬಿಳಿಯ ಮರಳನ್ನು ಚಿಮುಕಿಸಿದರೆ ಸಕ್ಕರೆ ಹೊರಳಿಸಿದ ಗಮ್‌ಡ್ರಾಪ್ ಮಿಠಾಯಿಯೇ ಸರಿ. ಥರ್ಮಾಕೋಲ್ ಬಳಸುವವರು ಡಬ್ಬಿಯಿಂದ ಚಿಮ್ಮುವ ಬಣ್ಣವನ್ನು ಬಿಟ್ಟು ನೀರಿನಲ್ಲಿ ಕದಡಿದ ಬಣ್ಣವನ್ನೇ ಹಚ್ಚಬೇಕು. ಇಲ್ಲವಾದರೆ ಬಣ್ಣದ ದ್ರಾವಕಕ್ಕೆ ಅದು ತಿಂದುಹೋಗುವುದು. ಕಾಯಿಸಿ ಹಾಕುವ ಅಂಟು ಕಡುಚಳಿಯಲ್ಲಿ ಪೆಡಸಾಗಿ ಬಿಟ್ಟುಕೊಳ್ಳುವುದರಿಂದ ಭಾರವಿರುವ ಕಡೆಗಳಲ್ಲಿ ಪ್ಲಾಸ್ಟಿಕ್ ಬಿಗಿಪಟ್ಟಿಯನ್ನೇ ನಂಬಬೇಕು.

ದೀಪಗಳ ವಿಷಯದಲ್ಲಿ ಮಾತ್ರ ಮಿತವ್ಯಯಕ್ಕಿಂತ ಎಚ್ಚರಿಕೆ ಮುಖ್ಯ. 1882ರಲ್ಲಿ ಎಡಿಸನ್ನರ ಸಹಚರ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತಮ್ಮ ಮನೆಯ ಕ್ರಿಸ್‌ಮಸ್ ಮರಕ್ಕೆ 80 ಪುಟ್ಟ ವಿದ್ಯುದ್ದೀಪಗಳನ್ನು ಕಟ್ಟಿದಾಗ ಜನ ಬೆರಗಾದರು. ಅದಕ್ಕೆ ಮುಂಚೆ ಮರಕ್ಕೆ ಮೇಣದ ಬತ್ತಿ ಹಚ್ಚುತ್ತಿದ್ದುದರಿಂದ ಬೆಂಕಿಯ ಭಯ ಸದಾ ಇತ್ತು. ಭಯದ ರೂಪ ಈಗ ಬದಲಾಗಿದೆಯೇ ಹೊರತು ಅದು ಪೂರ್ತಿ ತೊಲಗಿಲ್ಲ. ಹೊರಗಿನ ಬಳಕೆಗೆಂದು ಗುರುತಿರುವ ಎಲ್‌ಇಡಿ ಸರಗಳನ್ನೇ ತರಬೇಕು. ಅವು ಬಿಸಿಯಾಗುವುದೂ ವಿದ್ಯುತ್ತನ್ನು ತಿನ್ನುವುದೂ ಹಳೆಯ ದೀಪಗಳಿಗಿಂತ ಬಹಳ ಕಡಮೆ. ತಂತಿಯ ಮೇಲೆ ಮೊಳೆ ಹೊಡೆಯಕೂಡದು, ಕೊಂಡಿಯಲ್ಲಿ ತೂಗುಹಾಕಬೇಕು. ಅಮೆರಿಕಾದ ಮನೆಗಳ ಹೊರಗಿನ ಸಾಕೆಟ್ಟುಗಳಿಗೆ 1970ರ ದಶಕದಿಂದೀಚೆಗೆ ಜಿಎಫ್‌ಸಿಐ ಎಂಬ ರಕ್ಷಕವನ್ನು ವಿಧಿಸಿದ್ದಾರೆ. ಹೋಗುವ ತಂತಿಯ ಪ್ರವಾಹಕ್ಕೂ ಮರಳುವ ತಂತಿಯ ಪ್ರವಾಹಕ್ಕೂ ಸುಮಾರು 5 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ, ಅದು ಯಾರ ಮೈಯ ಮೂಲಕವೋ ನೆಲಕ್ಕೆ ಸೋರುತ್ತಿರಬಹುದೆಂದು ತಿಳಿದು, ಈ ರಕ್ಷಕವು ಕ್ಷಣಾರ್ಧದಲ್ಲಿ ಪ್ರವಾಹವನ್ನು ಕಡಿದುಬಿಡುತ್ತದೆ. ಅದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ಒತ್ತಿ ನೋಡದೆ ಒಂದು ದೀಪವನ್ನೂ ಹಚ್ಚಬಾರದು. ಏಣಿಯ ಬುಡ ಗೋಡೆಯಿಂದ ಎಷ್ಟು ದೂರವಿರಬೇಕೆಂದರೆ, ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ. ಕೆಳಗೆ ಏಣಿ ಹಿಡಿಯುವವರಿಲ್ಲದೆ ಹತ್ತುವುದು ಸಾಹಸವಲ್ಲ, ಅವಿವೇಕ. ಅರುವತ್ತು ದಾಟಿದ ನಮ್ಮಂಥವರ ಸ್ಥಾನ ಏಣಿಯ ಬುಡವೇ.

ಕೊನೆಯದಾಗಿ, ಕನ್ನಡದ ಎಷ್ಟೋ ಸಂಸಾರಗಳಲ್ಲಿ ಏಳುವ ಒಂದು ಪ್ರಶ್ನೆ: ಹಬ್ಬ ನಮ್ಮದಲ್ಲದಿದ್ದರೆ ಈ ಅಲಂಕಾರ ನಮಗೇಕೆ? ಕನ್ನಡಿಗರಲ್ಲಿ ಕ್ರೈಸ್ತರೂ ಇದ್ದಾರೆ. ಅವರಿಗೆ ಇದು ತಾತ ಮುತ್ತಾತಂದಿರಿಂದ ಬಂದ ಹಬ್ಬ. ಮಂಗಳೂರಿನ ಕಡೆ ಮನೆಯ ಮುಂದೆ ನಕ್ಷತ್ರದ ಗೂಡುದೀಪ ತೂಗುವುದೂ, ಗೋದಲಿ ಕಟ್ಟುವುದೂ, ಕುಸ್ವಾರ್ ತಿಂಡಿಗಳನ್ನು ನೆರೆಹೊರೆಗೆ ಹಂಚುವುದೂ ಎಲ್ಲರೂ ಕಂಡ ಸಂಗತಿ. ಉಳಿದವರ ಮಾತು ಬೇರೆ. ಗೋದಲಿಯು ಪೂಜ್ಯವಾದ ವಸ್ತು. ಅದನ್ನು ಶ್ರದ್ಧೆಯಿಲ್ಲದೆ ಆಟಕ್ಕೆ ಕಟ್ಟುವುದು ಆ ಧರ್ಮಕ್ಕೂ ಗೌರವವಲ್ಲ, ನಮಗೂ ಅಲ್ಲ. ಮಿಠಾಯಿಯ ಅಲಂಕಾರವಾದರೋ ಯಾವ ದೇವರ ವಿಗ್ರಹವೂ ಅಲ್ಲ, ಯಾವ ವ್ರತದ ಅಂಗವೂ ಅಲ್ಲ. ಬೀದಿಯ ಮಕ್ಕಳ ಸಂತೋಷಕ್ಕೆ ನಮ್ಮ ಮನೆಯ ಕಾಣಿಕೆ. ಬೇಡವೆನ್ನುವ ಹಿರಿಯರನ್ನು ಬಲವಂತಪಡಿಸಬಾರದು. ಬೇಕೆನ್ನುವ ಮಕ್ಕಳನ್ನು ಗದರಿಸಲೂ ಬಾರದು. ಸುತ್ತಲ ಮನೆಗಳೆಲ್ಲ ಬೆಳಗುತ್ತಿರುವಾಗ ತನ್ನ ಮನೆಯೊಂದೇ ಏಕೆ ಕತ್ತಲೆಯೆಂದು ಕೇಳುವ ಮಗುವಿಗೆ ತತ್ತ್ವೋಪದೇಶ ಮಾಡುವುದಕ್ಕಿಂತ, ಎರಡು ಕೋಲುಗಳಿಗೆ ಕೆಂಪು ಪಟ್ಟಿ ಸುತ್ತಿ ಬಾಗಿಲಲ್ಲಿ ನಿಲ್ಲಿಸುವುದು ಮೇಲೆಂದು ನಮ್ಮ ಅಭಿಪ್ರಾಯ. ಆ ಮಗುವೇ ಮುಂದೆ ದೀಪಾವಳಿಯ ಹಣತೆಗಳನ್ನು ಹೊರಗಿಟ್ಟು ನೆರೆಯ ಮಕ್ಕಳನ್ನು ಸಂಕೋಚವಿಲ್ಲದೆ ಕರೆಯುವುದು.

ಜನವರಿ 6ರ ಎಪಿಫನಿ ಹಬ್ಬದ ಹೊತ್ತಿಗೆ ಅಲಂಕಾರವನ್ನು ಇಳಿಸುವುದು ಅನೇಕರ ವಾಡಿಕೆ. ಒಣಗಿದ ದಿನ ನೋಡಿ ಇಳಿಸಿ, ಸರಳುಗಳ ಮಣ್ಣು ತೊಳೆದು ಎಣ್ಣೆ ಸವರಿ, ಕೋಲುಗಳನ್ನು ಮಡಚದೆ ಮಾಡಿನ ಕೆಳಗೆ ಮಲಗಿಸಿಡಿರಿ. ದೀಪದ ಸರಗಳನ್ನು ರಟ್ಟಿಗೆ ಸುತ್ತಿ, ಯಾವ ಸರ ಎಲ್ಲಿಯದೆಂದು ಚೀಟಿ ಬರೆದಂಟಿಸಿರಿ. ಹಾಗೆ ಜೋಪಾನ ಮಾಡಿದ ಸಾಮಾನು ಮುಂದಿನ ವರ್ಷಗಳಲ್ಲಿಯೂ ಕೆಲಸಕ್ಕೆ ಬಂದು ಮನೆಯ ಹಣವನ್ನು ಮನೆಯಲ್ಲಿಯೇ ಉಳಿಸುವುದು.