ಟ್ರಂಕಿನಲ್ಲಿರೋ ಹಳೇ ನೆಗೆಟಿವ್ ಮನೆಯಲ್ಲೇ ಸ್ಕ್ಯಾನ್ ಮಾಡಬೇಕಾ? ಯಾವ ಸಾಫ್ಟ್‌ವೇರ್ ಸರಿ? ಇಲ್ಲಿದೆ ಮಾಹಿತಿ

ಕಲಬುರಗಿ: ಗೋಡೆ ಮೇಲಿನ ಮದುವೆ ಫೋಟೊ ಗೆದ್ದಲು ತಿಂದಿರುತ್ತೆ, ಇಲ್ಲಾ ನೀರು ಇಳಿದು ಹಾಳಾಗಿರುತ್ತೆ. ಆದರೆ ಅದರ ನೆಗೆಟಿವ್ ಟ್ರಂಕಿನ ತಳದಲ್ಲಿ ಹಾಗೇ ಉಳಿದಿರಬಹುದು. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿದಾಗ ಅಫಜಲಪುರ, ಜೇವರ್ಗಿ ತಾಲ್ಲೂಕಿನ ನದಿ ದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಇಂಥ ಕಡೆ ತೀರಿಹೋದ ತಂದೆ-ತಾಯಿಯ ಮುಖ ಮತ್ತೆ ನೋಡೋಕೆ ಆ ರೀಲಿನ ತುಂಡೇ ಕೊನೆಯ ದಾರಿ ಆಗಿರಬಹುದು. ಗಾಣಗಾಪುರಕ್ಕೆ ಹೋದಾಗ ತೆಗೆಸಿದ್ದು, ಆಳಂದದ ಉರುಸಿನಲ್ಲಿ ತೆಗೆಸಿದ್ದು, ಯಾವುದೇ ಇರಲಿ, ವಿಧಾನ ಒಂದೇ.

ಮೊದಲು ಸ್ಕ್ಯಾನರ್ ನೋಡಿ

ಝೆರಾಕ್ಸ್ ಅಂಗಡಿಯ ಸಾಮಾನ್ಯ ಸ್ಕ್ಯಾನರ್‌ನಲ್ಲಿ ನೆಗೆಟಿವ್ ಬರೋದಿಲ್ಲ. ಅದು ಕಾಗದದ ಮೇಲೆ ಬೆಳಕು ಬಿಟ್ಟು ವಾಪಸ್ ಬಂದಿದ್ದನ್ನು ಓದುತ್ತೆ. ಫಿಲ್ಮ್‌ಗೆ ಬೆಳಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಯಬೇಕು. ಹಾಗಾಗಿ ಮುಚ್ಚಳದಲ್ಲೇ ಲೈಟ್ ಇರುವ ಸ್ಕ್ಯಾನರ್ ಬೇಕು. ಎಪ್ಸನ್ ವಿ600, ಕ್ಯಾನನ್ 9000ಎಫ್ ಇಂಥವು. ಎಪ್ಸನ್ ವಿ39, ಕ್ಯಾನನ್ ಲೈಡ್ 300ರಲ್ಲಿ ಆ ಲೈಟ್ ಇಲ್ಲ. ಯಾವ ಸಾಫ್ಟ್‌ವೇರ್ ಹಾಕಿದರೂ ಅವುಗಳಲ್ಲಿ ಈ ಕೆಲಸ ಆಗೋದಿಲ್ಲ.

ಸಾಫ್ಟ್‌ವೇರ್ ಮಾಡೋ ಕೆಲಸ ಏನು?

ಕಲರ್ ನೆಗೆಟಿವ್ ಕಿತ್ತಳೆ ಬಣ್ಣದಲ್ಲಿರುತ್ತೆ. ಬರೀ ಉಲ್ಟಾ ಮಾಡಿದರೆ ಫೋಟೊ ಪೂರ್ತಿ ನೀಲಿ ನೀಲಿಯಾಗಿ ಬರುತ್ತೆ. ಆ ಕಿತ್ತಳೆ ಪದರದ ಲೆಕ್ಕ ತೆಗೆದು, ಮುಖದ ಬಣ್ಣ, ಸೀರೆಯ ಬಣ್ಣ ಸರಿ ತೋರಿಸೋದೇ ಸಾಫ್ಟ್‌ವೇರ್‌ನ ಅಸಲಿ ಕೆಲಸ.

ಎಪ್ಸನ್ ಸ್ಕ್ಯಾನ್: ಎಪ್ಸನ್ ಸ್ಕ್ಯಾನರ್ ಜೊತೆ ಉಚಿತವಾಗಿ ಬರುತ್ತೆ. ಮನೆಯ ಹತ್ತಿಪ್ಪತ್ತು ರೀಲಿಗೆ ಇದೇ ಸಾಕು.

ವ್ಯೂಸ್ಕ್ಯಾನ್: ಹಳೇ ಸ್ಕ್ಯಾನರ್‌ಗೆ ಹೊಸ ವಿಂಡೋಸ್‌ನಲ್ಲಿ ಡ್ರೈವರ್ ಸಿಗದಿದ್ದಾಗ ಕೈಹಿಡಿಯೋದು ಇದು. ಬೇರೆ ಬೇರೆ ಕಂಪನಿಯ ಸ್ಕ್ಯಾನರ್‌ಗೂ ನಡೆಯುತ್ತೆ. ಎಲ್ಲಾ ಆವೃತ್ತಿಯಲ್ಲೂ ಫಿಲ್ಮ್ ಸ್ಕ್ಯಾನ್ ಇರೋದಿಲ್ಲ, ದುಡ್ಡು ಕಟ್ಟೋ ಮೊದಲು ನೋಡಿಕೊಳ್ಳಬೇಕು.

ಸಿಲ್ವರ್‌ಫಾಸ್ಟ್: ಜರ್ಮನಿಯ ಕಂಪನಿಯದ್ದು. ಬೇರೆ ಬೇರೆ ಕಂಪನಿಯ ಫಿಲ್ಮ್‌ಗಳಿಗೆ ಸಿದ್ಧ ಸೆಟ್ಟಿಂಗ್ ಇವೆ. ಆದರೆ ಲೈಸನ್ಸ್ ಒಂದು ಸ್ಕ್ಯಾನರ್ ಮಾಡೆಲ್‌ಗೆ ಮಾತ್ರ. ನಾಳೆ ಬೇರೆ ಮಾಡೆಲ್ ತಂದರೆ ಮತ್ತೆ ಖರ್ಚು.

ವ್ಯೂಸ್ಕ್ಯಾನ್, ಸಿಲ್ವರ್‌ಫಾಸ್ಟ್ ಎರಡಕ್ಕೂ ಟ್ರಯಲ್ ಇದೆ. ಫೋಟೊ ಮೇಲೆ ಗುರುತು ಬೀಳುತ್ತೆ, ಆದರೂ ನಿಮ್ಮ ಸ್ಕ್ಯಾನರ್‌ಗೆ ಹೊಂದುತ್ತಾ ಅಂತ ತಿಳಿಯೋಕೆ ಅಷ್ಟು ಸಾಕು.

ಸ್ಕ್ಯಾನರ್ ಇಲ್ಲದವರು ಏನು ಮಾಡಬೇಕು?

ಟ್ಯಾಬ್‌ನಲ್ಲಿ ಬಿಳಿ ಪರದೆ ಹಚ್ಚಿ, ಅದರಿಂದ ಎರಡು-ಮೂರು ಸೆಂಟಿಮೀಟರ್ ಎತ್ತರದಲ್ಲಿ ನೆಗೆಟಿವ್ ಹಿಡಿದು ಕ್ಯಾಮೆರಾದಲ್ಲಿ ಫೋಟೊ ತೆಗೆಯಬಹುದು. ಪರದೆಗೆ ತಾಗಿಸಿದರೆ ಅದರ ಚುಕ್ಕಿಗಳೂ ಫೋಟೊದಲ್ಲಿ ಬರುತ್ತವೆ. ಆಮೇಲೆ ಉಲ್ಟಾ ಮಾಡೋಕೆ ಡಾರ್ಕ್‌ಟೇಬಲ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. 2020ರಿಂದ ಅದರಲ್ಲಿ ನೆಗಾಡಾಕ್ಟರ್ ಅನ್ನೋ ಪ್ರತ್ಯೇಕ ಆಯ್ಕೆ ಬಂದಿದೆ. ಕ್ಯಾಮೆರಾದಲ್ಲಿ ರಾ ಫೈಲ್ ತೆಗೆದರೆ ಬಣ್ಣ ಇನ್ನೂ ಚೆನ್ನಾಗಿ ಬರುತ್ತೆ.

ಬ್ಲ್ಯಾಕ್ ಅಂಡ್ ವೈಟ್ ರೀಲಿಗೆ ಎಚ್ಚರ

ಕೆಲ ಸ್ಕ್ಯಾನರ್‌ಗಳಲ್ಲಿ ಧೂಳು, ಗೀರು ತೆಗೆಯುವ ಡಿಜಿಟಲ್ ಐಸ್ ಆಯ್ಕೆ ಇರುತ್ತೆ. ಇದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಿಂದ ಧೂಳು ಹುಡುಕುತ್ತೆ. ಹಳೇ ಬ್ಲ್ಯಾಕ್ ಅಂಡ್ ವೈಟ್ ಫಿಲ್ಮ್‌ನಲ್ಲಿ ಚಿತ್ರವೇ ಬೆಳ್ಳಿಯ ಕಣ, ಅದು ಆ ಬೆಳಕನ್ನು ತಡೆಯುತ್ತೆ. ಆಗ ಸಾಫ್ಟ್‌ವೇರ್ ಮುಖವನ್ನೇ ಧೂಳು ಅಂದ್ಕೊಂಡು ಕೆಡಿಸುತ್ತೆ. ಇಂಥ ರೀಲಿಗೆ ಈ ಆಯ್ಕೆ ಆಫ್ ಇಡಿ. ಧೂಳನ್ನು ಬ್ಲೋವರ್‌ನಿಂದ ಮೊದಲೇ ಊದಿ ತೆಗೆಯಿರಿ.

ಎಷ್ಟು ಡಿಪಿಐ ಇಡಬೇಕು?

ಸಾಮಾನ್ಯ 35 ಎಂಎಂ ರೀಲಿನ ಒಂದು ಫೋಟೊ 36×24 ಮಿಲಿಮೀಟರ್. 2400 ಡಿಪಿಐ ಇಟ್ಟರೆ ಸುಮಾರು 3400×2270 ಪಿಕ್ಸೆಲ್ ಬರುತ್ತೆ. 8×12 ಇಂಚಿನ ಪ್ರಿಂಟ್‌ಗೆ ಇದು ಸಾಕು. 48 ಬಿಟ್ ಟಿಫ್ ಫೈಲ್ ಆದರೆ ಒಂದೊಂದೂ ಸುಮಾರು 46 ಎಂಬಿ, 36 ಫೋಟೊದ ಒಂದು ರೀಲಿಗೆ 1.6 ಜಿಬಿಗಿಂತ ಹೆಚ್ಚು ಜಾಗ ಬೇಕು. ಮೂಲವಾಗಿ ಟಿಫ್ ಇಟ್ಟುಕೊಂಡು, ನೆಂಟರಿಗೆ ಕಳಿಸೋಕೆ ಜೆಪೆಗ್ ಮಾಡಿಕೊಂಡರೆ ಒಳ್ಳೆಯದು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಕ್ವಾಲಿಟಿ ಇಳಿಯುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ.

ಅಂಗಡಿಯವರ ಗಮನಕ್ಕೆ

ಪುಕ್ಕಟೆ ಸಿಗುತ್ತೆ ಅಂತ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಬೇಡಿ. ಅದರ ಜೊತೆ ವೈರಸ್ ಬರೋ ಅಪಾಯ ಇದೆ. ಅದೇ ಕಂಪ್ಯೂಟರ್‌ನಲ್ಲಿ ಗಿರಾಕಿಗಳ ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿಗಳೂ ಇರುತ್ತವೆ ಅನ್ನೋದು ಮರೆಯಬಾರದು. ರೇಟ್ ಹೇಳೋ ಮೊದಲು ಒಂದು ಪಟ್ಟಿ ಸ್ಕ್ಯಾನ್ ಮಾಡಿ ಗಿರಾಕಿಗೆ ತೋರಿಸಿದರೆ ಆಮೇಲೆ ತಕರಾರು ಬರೋದಿಲ್ಲ.

ಸ್ಕ್ಯಾನ್ ಆಯ್ತು ಅಂತ ನೆಗೆಟಿವ್ ಎಸೆಯಬೇಡಿ. ಹಾರ್ಡ್ ಡಿಸ್ಕ್ ಒಂದಿನ ಕೆಡಬಹುದು. ಫೈಲ್‌ಗಳನ್ನು ಎರಡು ಕಡೆ ಇಡಿ. ರೀಲನ್ನು ಕಾಗದದ ಕವರ್‌ನಲ್ಲಿ ಹಾಕಿ, ಬಿಸಿಲು, ತೇವ ತಾಗದ ಜಾಗದಲ್ಲಿ ಎತ್ತರಕ್ಕೆ ಇಡಿ. ಒಂದಕ್ಕೊಂದು ಅಂಟಿಕೊಂಡಿದ್ದರೆ ಜಗ್ಗಿ ಬಿಡಿಸಬೇಡಿ, ರೀಲಿನ ಕಾಲದ ಕೆಲಸ ಗೊತ್ತಿರುವ ಸ್ಟುಡಿಯೊದವರಿಗೆ ಒಮ್ಮೆ ತೋರಿಸಿ.