ಅಳಿಯನ ಮನೆ ಯಾವುದು?
ವೇಲ್ಸ್‌ನಿಂದ ವಲಸೆ ಹೋದ ಹಿರಿಯರನ್ನು ಹುಡುಕುವ ಬಗೆ

ಪೌತಿ ಖಾತೆಗಾಗಿ ವಂಶವೃಕ್ಷ ಬರೆದುಕೊಡುವುದು ನಮ್ಮ ಸದಸ್ಯ ಬಾಂಧವರಿಗೆ ಹೊಸತೇನಲ್ಲ. ಅಜ್ಜನ ಹೆಸರು, ಅಜ್ಜನ ತಂದೆಯ ಹೆಸರು, ಮನೆಯ ಹೆಸರು, ಸರ್ವೆ ನಂಬರು ಇಷ್ಟನ್ನು ನಾಡಕಚೇರಿಯಲ್ಲಿ ನಿಂತು ಹೇಳಲಾರದವರು ನಮ್ಮಲ್ಲಿ ವಿರಳ. ಈಚೆಗೆ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದು ಬೇರೊಂದು ಬಗೆಯ ವಂಶವೃಕ್ಷದ ವಿಚಾರ ಎತ್ತಿದರು. ಅವರ ಮಗಳು ಅಮೆರಿಕದಲ್ಲಿ ನೆಲೆಸಿ ಅಲ್ಲಿಯವರನ್ನೇ ಮದುವೆಯಾಗಿದ್ದಾರೆ. ಮೊಮ್ಮಗುವಿಗೆಂದು ಎರಡೂ ಕಡೆಯ ವಂಶಾವಳಿ ಬರೆಯಲು ಕುಳಿತರೆ ತಾಯಿಯ ಕಡೆ ಏಳು ತಲೆ ಸಲೀಸಾಗಿ ಬಂತಂತೆ. ತಂದೆಯ ಕಡೆ ಮಾತ್ರ ‘ವೇಲ್ಸ್ ದೇಶದಿಂದ ಬಂದ ಜೋನ್ಸ್’ ಎಂಬಲ್ಲಿಗೆ ದಾರಿ ಮುಗಿಯಿತಂತೆ. ಸಂಬಂಧ ಕೂಡುವಾಗ ‘ಯಾವ ಮನೆಯವರು?’ ಎಂದು ಮೊದಲು ಕೇಳುವ ನಮ್ಮ ಹಿರಿಯರಿಗೆ ಇದು ಸಮಾಧಾನದ ಉತ್ತರವಲ್ಲ. ಮಕ್ಕಳು ಹೊರದೇಶಗಳಲ್ಲಿರುವ ಇತರ ಸದಸ್ಯರಿಗೂ ಉಪಯೋಗವಾದೀತೆಂದು ಈ ವಿಷಯವಾಗಿ ನಾವು ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ವೇಲ್ಸ್ ಇಂಗ್ಲೆಂಡಿನ ಪಶ್ಚಿಮಕ್ಕಿರುವ ಗುಡ್ಡಗಾಡು ನಾಡು. ಅದರ ಭಾಷೆ ಇಂಗ್ಲಿಷ್ ಅಲ್ಲ, ತೀರ ಬೇರೆಯಾದ ವೆಲ್ಷ್. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಸಣ್ಣ ರೈತರೂ ಗಣಿ ಕೆಲಸಗಾರರೂ ಪೆನ್ಸಿಲ್ವೇನಿಯಾ, ಒಹಾಯೊ, ವಿಸ್ಕಾನ್ಸಿನ್ ಮೊದಲಾದ ಕಡೆಗೆ ಹೊರಟುಹೋದರು. 1865ರಲ್ಲಿ ಸುಮಾರು 150 ಜನ ‘ಮಿಮೋಸಾ’ ಎಂಬ ಹಡಗಿನಲ್ಲಿ ದಕ್ಷಿಣ ಅಮೆರಿಕದ ಪಾಟಗೋನಿಯಾಕ್ಕೆ ಹೋಗಿ, ಮಳೆಯಿಲ್ಲದ ನೆಲಕ್ಕೆ ನದಿಯಿಂದ ಕಾಲುವೆ ತೋಡಿ ಗೋಧಿ ಬೆಳೆದರು. 1885ರಲ್ಲಿ ತಮ್ಮದೇ ಸಹಕಾರಿ ವ್ಯಾಪಾರ ಸಂಸ್ಥೆಯನ್ನೂ ಕಟ್ಟಿಕೊಂಡರು. ಸಹಕಾರ ಚಳವಳಿಯ ಪಿತಾಮಹರಲ್ಲಿ ಒಬ್ಬರೆಂದು ನಾವು ಓದಿರುವ ರಾಬರ್ಟ್ ಓವೆನ್ ಹುಟ್ಟಿದ್ದು (1771) ವೇಲ್ಸ್‌ನ ನ್ಯೂಟೌನ್‌ನಲ್ಲಿ ಎಂಬುದನ್ನೂ ಸಂಘದ ಕಾರ್ಯದರ್ಶಿಗಳಾದ ನಾವು ಹೇಳದೆ ಬಿಟ್ಟರೆ ತಪ್ಪಾದೀತು.

ಈ ಹುಡುಕಾಟದಲ್ಲಿ ಮೊದಲ ತೊಡಕು ಹೆಸರಿನದೇ. ಹಿಂದೆ ವೇಲ್ಸ್‌ನಲ್ಲಿ ಮನೆತನದ ಹೆಸರು ಎಂಬುದೇ ಇರಲಿಲ್ಲ. ಮಗನ ಹೆಸರಿನ ಮುಂದೆ ತಂದೆಯ ಹೆಸರು, ನಡುವೆ ‘ಮಗ’ ಎಂಬರ್ಥದ ‘ಆಪ್’ ಅಥವಾ ‘ಆಬ್’. ‘ಆಪ್ ಹವೆಲ್’ ಎಂಬುದು ಇಂಗ್ಲಿಷರ ಬಾಯಲ್ಲಿ ಪೊವೆಲ್ ಆಯಿತು, ‘ಆಪ್ ರೀಸ್’ ಪ್ರೈಸ್ ಆಯಿತು, ‘ಆಬ್ ಓವೆನ್’ ಬೊವೆನ್ ಆಯಿತು. ಮುಂದೆ ‘ಆಪ್’ ಬಿಟ್ಟುಹೋಗಿ ತಂದೆಯ ಹೆಸರಿಗೆ ‘ಸ್’ ಸೇರಿಸುವ ರೂಢಿ ಬಂತು. ಜಾನನ ಮಗ ಇವಾನ್, ಇವಾನ್ ಜೋನ್ಸ್. ಅವನ ಮಗ ಡೇವಿಡ್, ಡೇವಿಡ್ ಇವಾನ್ಸ್. ಅವನ ಮಗ ವಿಲಿಯಂ, ವಿಲಿಯಂ ಡೇವಿಸ್. ಮೂರು ತಲೆಗೆ ಮೂರು ಹೆಸರು! ಹಳ್ಳಿಗಾಡಿನಲ್ಲಿ ಈ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೂ ಅಲ್ಲಲ್ಲಿ ಉಳಿದಿತ್ತು. ವಲಸೆ ಹೋದವರ ಹೆಸರು ಹೋದಲ್ಲೇ ಗಟ್ಟಿಯಾಯಿತು. ನಮ್ಮ ಹುಡುಗರ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದು, ತಂದೆಯ ಹೆಸರೇ ಮಕ್ಕಳು ಮೊಮ್ಮಕ್ಕಳ ಮನೆತನದ ಹೆಸರಾಗಿ ನಿಂತುಬಿಡುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಅಂದಮೇಲೆ ಜೋನ್ಸ್, ಡೇವಿಸ್, ವಿಲಿಯಮ್ಸ್, ಇವಾನ್ಸ್, ಥಾಮಸ್ ಎಂಬ ಹೆಸರುಗಳನ್ನಷ್ಟೇ ಹಿಡಿದು ಹುಡುಕಿದರೆ ಒಂದೇ ಊರಿನಲ್ಲಿ ಹತ್ತು ಜನ ಸಿಗುತ್ತಾರೆ. ಊರಿನವರೂ ಅವರನ್ನು ಆ ಹೆಸರಿನಿಂದ ಗುರುತಿಸುತ್ತಿರಲಿಲ್ಲ, ಜಮೀನಿನ ಮನೆಯ ಹೆಸರಿನಿಂದ ಗುರುತಿಸುತ್ತಿದ್ದರು. ನಮ್ಮಲ್ಲಿ ಹಳ್ಳದಮನೆಯವರು, ಮೇಲಿನ ತೋಟದವರು ಎನ್ನುವ ಹಾಗೆಯೇ. ‘ನಾಂಟ್’ ಎಂದರೆ ಹಳ್ಳ, ‘ಪೆನ್’ ಎಂದರೆ ತಲೆ, ‘ಟೀ’ ಎಂದರೆ ಮನೆ, ‘ಕೋಯ್ಡ್’ ಎಂದರೆ ಕಾಡು. ಆದುದರಿಂದ ಹುಡುಕಬೇಕಾದ್ದು ಮೂರು ಸಂಗತಿ: ಯಾವ ಪ್ಯಾರಿಷ್, ಯಾವ ಮನೆ, ಯಾವ ಪ್ರಾರ್ಥನಾ ಮಂದಿರ. ಈ ಮೂರರಲ್ಲಿ ಎರಡಾದರೂ ಕೂಡಿಬರುವವರೆಗೆ ಯಾವ ಜೋನ್ಸ್‌ನನ್ನೂ ಅಜ್ಜನೆಂದು ಒಪ್ಪಬಾರದು.

ಇವನ್ನು ಹುಡುಕಲು ಮೊದಲು ವೇಲ್ಸ್‌ಗೆ ಬರೆಯುವುದಲ್ಲ, ಹೋಗಿ ನೆಲೆಸಿದ ದೇಶದಲ್ಲೇ ಆರಂಭಿಸಬೇಕು. ಮನೆಯ ಬೈಬಲ್ಲಿನ ಮೊದಲ ಹಾಳೆಯಲ್ಲಿ ಬರೆದ ಜನನ ಮರಣಗಳು, ಸಮಾಧಿಕಲ್ಲು, ಪೌರತ್ವದ ಕಾಗದ, ಚರ್ಚಿನ ಪುಸ್ತಕ ಇವೆಲ್ಲ ನೋಡತಕ್ಕವು. ಅಮೆರಿಕದ 1900ರ ಜನಗಣತಿಯಲ್ಲಿ ವಲಸೆ ಬಂದ ವರ್ಷವನ್ನೂ ಕೇಳಿ ಬರೆದಿದ್ದಾರೆ. ಹಡಗಿನ ಪಟ್ಟಿಗಳು 1820ರಿಂದ ಇವೆಯಾದರೂ ಹಳೆಯ ಪಟ್ಟಿಗಳಲ್ಲಿ ಬಹುಮಟ್ಟಿಗೆ ದೇಶದ ಹೆಸರಷ್ಟೇ ಇರುತ್ತದೆ, ಊರು ಸಿಗುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ವೆಲ್ಷ್ ಭಾಷೆಯ ಪತ್ರಿಕೆಗಳ ಮರಣವಾರ್ತೆ. 1851ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ‘ಅ ಡ್ರಿಚ್’ನಂಥ ಪತ್ರಿಕೆಗಳಲ್ಲಿ ತೀರಿಕೊಂಡವರ ಹುಟ್ಟೂರು, ಮನೆಯ ಹೆಸರು ಸಹಿತ ಬರುವುದುಂಟು.

ಪ್ರಾರ್ಥನಾ ಮಂದಿರ ಎಂದೆವಲ್ಲ, ಅದರ ಬಲವನ್ನು ಒಂದು ಪ್ರಸಿದ್ಧ ಉದಾಹರಣೆಯಿಂದ ನೋಡಬಹುದು. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ (1867–1959) ಅವರ ತಾಯಿಯ ತಂದೆ ರಿಚರ್ಡ್ ಲಾಯ್ಡ್ ಜೋನ್ಸ್, 1844ರಲ್ಲಿ ಸಂಸಾರ ಸಮೇತ ಹೊರಟು ವಿಸ್ಕಾನ್ಸಿನ್ ಸೇರಿದವರು. ಬರಿಯ ಜೋನ್ಸ್ ಎಂದಿದ್ದರೆ ಈ ಮನೆತನದ ಮೂಲ ಹಿಡಿಯುವುದು ಕಷ್ಟವಾಗುತ್ತಿತ್ತು. ಆದರೆ ಅವರು ಯೂನಿಟೇರಿಯನ್ ಪಂಥದವರು. ವೇಲ್ಸ್‌ನಲ್ಲಿ ಆ ಪಂಥ ಬೇರೂರಿದ್ದ ಮುಖ್ಯ ಪ್ರದೇಶ ಕಾರ್ಡಿಗನ್‌ಷೈರಿನ ಕೆಲವೇ ಪ್ಯಾರಿಷ್‌ಗಳು. ಇತರ ಪಂಥದವರು ಅದಕ್ಕೆ ‘ಕರಿಚುಕ್ಕೆ’ ಎಂದೇ ಹೆಸರಿಟ್ಟಿದ್ದರು. ಅಲ್ಲಿಯ ಲಾಂಡಿಸಿಲ್ ಬಳಿ ಇವರ ಮನೆ. ಅದರ ಹೆಸರು ಬ್ಲೈನ್‌ರಾಲ್ಟ್‌ದೀ, ಅಂದರೆ ಕರಿಕಾಡಿನ ಇಳಿಜಾರಿನ ತಲೆ. ರೈಟ್ ಅವರು 1911ರಲ್ಲಿ ವಿಸ್ಕಾನ್ಸಿನ್ನಿನ ಆ ಕಣಿವೆಯಲ್ಲೇ ಮನೆ ಕಟ್ಟಿ ಅದಕ್ಕೆ ವೆಲ್ಷ್ ಕವಿಯೊಬ್ಬನ ಹೆಸರಾದ ‘ಟಾಲಿಯೆಸಿನ್’ ಎಂದು ಕರೆದರು.

ಊರು ಗೊತ್ತಾದ ಮೇಲೆ ವೇಲ್ಸ್‌ನ ದಾಖಲೆ. ಸರಕಾರಿ ಜನನ, ಮರಣ, ವಿವಾಹ ನೋಂದಣಿ 1837ರ ಜುಲೈ 1ರಿಂದ ಇದೆ. ವಿವಾಹದ ದಾಖಲೆಯಲ್ಲಿ ವಧೂವರರಿಬ್ಬರ ತಂದೆಯ ಹೆಸರೂ ಕಸುಬೂ ಇರುವುದರಿಂದ ಅದನ್ನು ಮೊದಲು ತರಿಸಿಕೊಳ್ಳುವುದು ಲಾಭ. ಜನಗಣತಿಯಲ್ಲಿ ಹೆಸರುಗಳು ಸಿಗುವುದು 1841ರಿಂದ, ಹುಟ್ಟಿದ ಪ್ಯಾರಿಷ್ 1851ರಿಂದ. ಹಿರಿಯರು 1851ಕ್ಕೆ ಮೊದಲೇ ಹೊರಟುಹೋಗಿದ್ದರೆ ಊರಲ್ಲೇ ಉಳಿದ ತಂದೆ, ಅಣ್ಣತಮ್ಮಂದಿರನ್ನು ಆ ಗಣತಿಯಲ್ಲಿ ಹುಡುಕಬೇಕು.

1837ರ ಹಿಂದಕ್ಕೆ ಹೋದರೆ ಪ್ಯಾರಿಷ್ ಪುಸ್ತಕಗಳು. 1813ರಿಂದ ಈಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ತಂದೆಯ ಕಸುಬಿನೊಡನೆ ವಾಸಸ್ಥಳದ ಕಾಲಮೂ ಇದೆ. ಹಳ್ಳಿಗಳಲ್ಲಿ ಅಲ್ಲಿ ಮನೆಯ ಹೆಸರೇ ಬರೆದಿರುವುದುಂಟು. ಆದರೆ ಜನ ಬಹುವಾಗಿ ಬೇರೆ ಪಂಥಗಳ ಮಂದಿರಕ್ಕೆ ಹೋಗುತ್ತಿದ್ದುದರಿಂದ ಮಕ್ಕಳ ಹೆಸರು ಸರಕಾರಿ ಚರ್ಚಿನಲ್ಲಿ ಸಿಗದೆ ಹೋಗಬಹುದು. ಬ್ಯಾಪ್ಟಿಸ್ಟರಂತೂ ಶಿಶುಗಳಿಗೆ ದೀಕ್ಷೆ ಕೊಡುವವರೇ ಅಲ್ಲ. ಮದುವೆ ಮಾತ್ರ 1754ರಿಂದ 1837ರವರೆಗೆ ಯಹೂದಿಗಳು, ಕ್ವೇಕರರು ಹೊರತು ಎಲ್ಲರೂ ಪ್ಯಾರಿಷ್ ಚರ್ಚಿನಲ್ಲೇ ಆಗಬೇಕೆಂಬ ಕಾನೂನಿತ್ತು. ಎಳೆ ತಪ್ಪಿದಲ್ಲಿ ಇದೊಂದು ಆಸರೆ.

ನಮ್ಮ ರೈತ ಬಾಂಧವರಿಗೆ ಹೆಚ್ಚು ಹಿಡಿಸುವ ದಾಖಲೆ ಇನ್ನೊಂದಿದೆ. ಚರ್ಚಿಗೆ ಸಲ್ಲುತ್ತಿದ್ದ ಬೆಳೆಯ ದಶಮಾಂಶವನ್ನು ನಗದಿಗೆ ಬದಲಾಯಿಸಲು 1836ರಲ್ಲಿ ಕಾಯಿದೆ ಬಂದು, ಪ್ಯಾರಿಷ್‌ವಾರು ನಕ್ಷೆ, ಪಟ್ಟಿ ತಯಾರಾದವು. ನಮ್ಮ ಗ್ರಾಮನಕ್ಷೆ, ಆಕಾರ್‌ಬಂದುಗಳಂತೆಯೇ ಅದರಲ್ಲಿ ಪ್ರತಿ ಗದ್ದೆಗೂ ನಂಬರು, ವಿಸ್ತೀರ್ಣ, ಒಡೆಯನಾರು, ಗೇಣಿದಾರನಾರು ಎಂಬುದಿದೆ. ಅಜ್ಜ ಉತ್ತ ಹೊಲ ಇದೇ ಎಂದು ಬೆರಳಿಟ್ಟು ತೋರಿಸಬಹುದು. ಈ ನಕ್ಷೆಗಳು, 1858ಕ್ಕಿಂತ ಹಿಂದಿನ ಮರಣಶಾಸನಗಳು, 1919ರವರೆಗಿನ ಹಳೆಯ ಪತ್ರಿಕೆಗಳು ಇವೆಲ್ಲವನ್ನೂ ಆಬರಿಸ್ಟ್‌ವಿತ್ ಪಟ್ಟಣದಲ್ಲಿರುವ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಸಾರ್ವಜನಿಕ ದಾಖಲೆಯನ್ನು ಹೀಗೆ ತೆರೆದಿಡುವ ಬುದ್ಧಿ ಎಲ್ಲ ದೇಶಗಳಿಗೂ ಬರಲಿ.

ಒಂದು ಎಚ್ಚರಿಕೆ. ಅಂತರ್ಜಾಲದಲ್ಲಿ ಯಾರೋ ಬರೆದಿಟ್ಟ ವಂಶವೃಕ್ಷಗಳು ಸಿದ್ಧವಾಗಿ ಸಿಗುತ್ತವೆ. ಒಬ್ಬರು ತಪ್ಪು ಜೋನ್ಸ್‌ನನ್ನು ಹಿಡಿದರೆ ಮಿಕ್ಕವರು ಅದನ್ನೇ ನಕಲು ಮಾಡಿರುತ್ತಾರೆ. ದಾಖಲೆ ಕಾಣದ ಕೊಂಡಿಯನ್ನು ಒಪ್ಪಬೇಡಿ. ಜೊಲ್ಲು ಕೊಟ್ಟು ಮಾಡಿಸುವ ಡಿಎನ್‌ಎ ಪರೀಕ್ಷೆ ಇಂದು ಬಳಕೆಗೆ ಬಂದಿದೆ. ಅದು ದಾಯಾದಿ ಯಾರೆಂದು ಸೂಚಿಸೀತು, ಮನೆ ಯಾವುದೆಂದು ಹೇಳಲಾರದು. ತಲೆತಲೆಗೂ ಹೆಸರು ಬದಲಾದ ನಾಡಿನಲ್ಲಿ ರಕ್ತ ಕೂಡಿದವರ ಹೆಸರು ಕೂಡದಿರುವುದೂ ಸಹಜವೇ.

ಸಮಾಧಿಕಲ್ಲುಗಳ ಬರಹ ಬಹಳ ಕಡೆ ವೆಲ್ಷ್‌ನಲ್ಲೇ ಇರುವುದರಿಂದ ನಾಲ್ಕು ಮಾತು ಗೊತ್ತಿರುವುದು ಒಳ್ಳೆಯದು. ‘ಎರ್ ಕೋವ್ ಆಮ್’ ಎಂದರೆ ನೆನಪಿಗಾಗಿ. ‘ಮಾಬ್’ ಮಗ, ‘ಮೆರ್ಕ್’ ಮಗಳು, ‘ಗ್ರೈಗ್’ ಹೆಂಡತಿ. ‘ಹೆವಿಡ್’ ಎಂದರೆ ‘ಸಹ’. ಆ ಮಾತು ಕಂಡಲ್ಲಿ ಅದೇ ಕಲ್ಲಿನಲ್ಲಿ ಕುಟುಂಬದ ಇನ್ನೊಬ್ಬರ ಹೆಸರು ಮುಂದುವರಿದಿದೆ ಎಂದು ತಿಳಿದು ಕೆಳಗಿನವರೆಗೂ ಓದತಕ್ಕದ್ದು.