ಹೊಸ ನಿಯಮ ಪುಸ್ತಕ ಬರಲಿಲ್ಲ ಎಂದರೆ ಆಟದ ಕಥೆ ಮುಗಿಯಿತು ಎಂದರ್ಥವೇ?

ಟೇಬಲ್ ಸುತ್ತ ಕೂತು ದಾಳ ಉರುಳಿಸಿ ಆಡುವ ಆಟಗಳ ಅಭಿಮಾನಿ ಗುಂಪಿನಲ್ಲಿ ನೀವಿದ್ದರೆ ಒಂದು ಬಗೆಯ ಸಂದೇಶ ಆಗಾಗ ಕಣ್ಣಿಗೆ ಬೀಳುತ್ತದೆ. ಹೊಸ ನಿಯಮಗಳು ಬಂದು ವರ್ಷವಾಯಿತು, ಕಂಪನಿ ಈ ಆಟವನ್ನು ಕೈಬಿಟ್ಟಿದೆ, ಇನ್ನು ಪುಸ್ತಕ ಕೊಳ್ಳುವುದು ದಂಡ ಎಂದು ಅದರಲ್ಲಿರುತ್ತದೆ. ಇದು ನಿಜವೇ? ಈ ವಾದ ಜೋರಾಗಿಯೇ ನಡೆದ ಒಂದು ಆಟವಿದೆ. ಅದರ ಕಥೆ ಮುಂದೇನಾಯಿತು ಎಂಬುದೂ ಈಗ ನಮಗೆ ಗೊತ್ತಿದೆ. ಆದ್ದರಿಂದ ಅದನ್ನೇ ತೆಗೆದುಕೊಳ್ಳೋಣ.

ಆ ಆಟದ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದದ್ದು. ಈಗ ಪ್ರಕಟಿಸುತ್ತಿರುವುದು ಹ್ಯಾಸ್‌ಬ್ರೋ ಒಡೆತನದ ವಿಝರ್ಡ್ಸ್ ಆಫ್ ದಿ ಕೋಸ್ಟ್. ಆಡುವವರಲ್ಲಿ ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಬ್ಬೊಬ್ಬ ಯೋಧ, ಮಾಂತ್ರಿಕ, ಕಳ್ಳ, ಕಾಡಿನ ಬೇಟೆಗಾರ ಹೀಗೆ ಒಂದೊಂದು ಪಾತ್ರವಾಗುತ್ತಾರೆ. ಪಾತ್ರಕ್ಕೆ ಏನು ಸಾಧ್ಯ, ಏನು ಅಸಾಧ್ಯ ಎಂಬುದೆಲ್ಲ ನಿಯಮ ಪುಸ್ತಕದಲ್ಲಿರುತ್ತದೆ. ಚೌಕಾಬಾರದ ನಿಯಮ ಮನೆಯಿಂದ ಮನೆಗೆ ಬದಲಾದರೂ ಯಾರೂ ಕಂಪನಿಗೆ ಪತ್ರ ಬರೆಯುವುದಿಲ್ಲ, ಏಕೆಂದರೆ ಅದಕ್ಕೆ ಕಂಪನಿಯೇ ಇಲ್ಲ. ಇಲ್ಲಿ ಕಂಪನಿಯೂ ಇದೆ, 50 ಡಾಲರ್ ಬೆಲೆಯ ಪುಸ್ತಕವೂ ಇದೆ. ಜಗಳ ಹುಟ್ಟುವುದು ಇಲ್ಲಿಂದಲೇ.

ಐದನೇ ಆವೃತ್ತಿಯ ಮೂರು ಮುಖ್ಯ ಪುಸ್ತಕಗಳು 2014ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಒಂದರ ಹಿಂದೊಂದು ಬಂದವು. ಆಮೇಲೆ ಬಂದವುಗಳಲ್ಲಿ ಹೆಚ್ಚಿನವು ಆಡಲು ಸಿದ್ಧವಾದ ಕಥೆಗಳ ಪುಸ್ತಕಗಳು. ಆಟಗಾರರಿಗೆ ಹೊಸ ನಿಯಮಗಳನ್ನು ಹೊತ್ತ ಮೊದಲ ದೊಡ್ಡ ಪುಸ್ತಕ ‘ಝನಾಥರ್ಸ್ ಗೈಡ್ ಟು ಎವೆರಿಥಿಂಗ್’ ಬಂದದ್ದು 2017ರ ನವೆಂಬರ್‌ನಲ್ಲಿ. ಅಂದರೆ ಮೂರು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ನಡುವೆ 2015ರಲ್ಲಿ ಒಂದು ಸಣ್ಣ ಪುಸ್ತಕ ಮತ್ತು ಒಂದು ಉಚಿತ ಪಿಡಿಎಫ್‌ನಲ್ಲಿ ಅಷ್ಟಿಷ್ಟು ಸಿಕ್ಕಿತ್ತು. ಹಿಂದಿನ ಆವೃತ್ತಿಗಳಲ್ಲಿ ಹೊಸ ಪುಸ್ತಕಗಳ ಸುರಿಮಳೆಯನ್ನೇ ಕಂಡವರಿಗೆ ಇದು ಬರಗಾಲ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಆಟ ಸತ್ತಿತೇ? ದಾಖಲೆ ಉಲ್ಟಾ ಹೇಳುತ್ತದೆ. ನಾಲ್ಕನೇ ಆವೃತ್ತಿ 2008ರಲ್ಲಿ ಬಂತು. ಆಟಗಾರರ ಕೈಪಿಡಿಯ ಎರಡನೇ ಭಾಗ 2009ರಲ್ಲಿ, ಮೂರನೇ ಭಾಗ 2010ರಲ್ಲಿ. ಇವುಗಳ ಜೊತೆಗೆ ಬಂದ ಇತರ ಪುಸ್ತಕಗಳು ಬೇರೆ. 2012ರ ಜನವರಿಯಲ್ಲಿ ಕಂಪನಿ ಹೊಸ ಆವೃತ್ತಿಯ ಕೆಲಸ ಶುರುವಾಗಿದೆ ಎಂದು ಪ್ರಕಟಿಸಿತು. ನಾಲ್ಕು ವರ್ಷ ತುಂಬುವ ಮೊದಲೇ ಉತ್ತರಾಧಿಕಾರಿಯ ಘೋಷಣೆ! ನಿಧಾನ ಎಂದು ಬೈಸಿಕೊಂಡ ಐದನೇ ಆವೃತ್ತಿಯೋ, ಪರಿಷ್ಕರಣೆಗೆ ಬಂದದ್ದು ಹತ್ತು ವರ್ಷಗಳ ನಂತರ, 2024ರಲ್ಲಿ. ನಾಲ್ಕನೆಯದು ಬೇಗ ಮುಗಿಯಲು ಪುಸ್ತಕಗಳ ಸಂಖ್ಯೆಯೊಂದೇ ಕಾರಣ ಎನ್ನಲಾಗದು. ಆಡುವ ಬಗೆಯನ್ನೇ ಬದಲಿಸಿದ್ದಕ್ಕೆ ಹಳಬರಲ್ಲಿ ಹಲವರು ಅದನ್ನು ಒಪ್ಪಿರಲಿಲ್ಲ. ಆದರೆ ‘ಪುಸ್ತಕ ಕಡಿಮೆ ಎಂದರೆ ಆಟಕ್ಕೆ ಆಯಸ್ಸು ಕಡಿಮೆ’ ಎಂಬ ಲೆಕ್ಕ ಮಾತ್ರ ಇಲ್ಲಿ ನಿಲ್ಲುವುದಿಲ್ಲ.

ನಿಧಾನಕ್ಕೆ ಕಾರಣವೇನು?

ಮದುವೆ ಮನೆಯಲ್ಲಿ ಹತ್ತು ಜನ ಇದ್ದಾರೆ, ಪ್ರತಿಯೊಬ್ಬರೂ ಉಳಿದೆಲ್ಲರ ಕೈಕುಲುಕಬೇಕು ಎಂದುಕೊಳ್ಳಿ. ಒಟ್ಟು 45 ಕೈಕುಲುಕು. ಇನ್ನೂ ಹತ್ತು ಜನ ಬಂದರೆ? 90 ಅಲ್ಲ, 190. ಜನ ದುಪ್ಪಟ್ಟಾದರು, ಕೈಕುಲುಕು ನಾಲ್ಕು ಪಟ್ಟಿಗೂ ಮೀರಿತು. ನಿಯಮಗಳ ಪಾಡೂ ಇದೇ. ಹೊಸದೊಂದನ್ನು ಸೇರಿಸಿದರೆ ಅದು ಈಗಾಗಲೇ ಇರುವ ಪ್ರತಿಯೊಂದರ ಜೊತೆ ಸೇರಿದಾಗ ಏನಾಗುತ್ತದೆ ಎಂದು ನೋಡಬೇಕು. 2014ರ ಆಟಗಾರರ ಕೈಪಿಡಿಯಲ್ಲಿ ಪಾತ್ರಗಳ ವರ್ಗ 12, ಅವುಗಳ ಒಳವಿಭಾಗ 40. ಒಂದೇ ಪಾತ್ರ ಎರಡು ವರ್ಗಗಳನ್ನು ಬೆರೆಸಿಕೊಳ್ಳಲು ಆಟ ಬಿಡುತ್ತದೆ. ಬೇರೆ ಬೇರೆ ವರ್ಗಗಳ ಒಳವಿಭಾಗಗಳನ್ನು ಎರಡೆರಡಾಗಿ ಜೋಡಿಸಿದರೆ 711 ಜೋಡಿ. ಮಂತ್ರಗಳು, ಆಯುಧಗಳು, ವಿಶೇಷ ಶಕ್ತಿಗಳನ್ನು ಇದರಲ್ಲಿ ಎಣಿಸಿಯೇ ಇಲ್ಲ.

ಇದು ಬರೀ ಕಾಗದದ ಮೇಲಿನ ಭಯ ಅನ್ನಿಸಿದರೆ ‘ಕಾಫಿಲಾಕ್’ ಕಥೆ ಕೇಳಿ. ಹೆಸರು ಅಭಿಮಾನಿಗಳೇ ಇಟ್ಟದ್ದು. ವಾರ್‌ಲಾಕ್ ಎಂಬ ಮಾಂತ್ರಿಕನಿಗೆ ಒಂದು ಗಂಟೆ ವಿಶ್ರಾಂತಿ ಸಾಕು, ಖರ್ಚಾದ ಮಂತ್ರಶಕ್ತಿ ಮರಳುತ್ತದೆ. ಸಾರ್ಸರರ್ ಎಂಬ ಇನ್ನೊಬ್ಬ ತನ್ನ ಮಂತ್ರಶಕ್ತಿಯನ್ನು ಅಂಕಗಳಾಗಿ, ಅಂಕಗಳನ್ನು ಮತ್ತೆ ಮಂತ್ರಶಕ್ತಿಯಾಗಿ ಬದಲಿಸಬಲ್ಲ. ಹಾಗೆ ಹೊಸದಾಗಿ ಮಾಡಿಕೊಂಡ ಶಕ್ತಿ ಅಳಿಯುವುದು ರಾತ್ರಿಯ ಪೂರ್ತಿ ವಿಶ್ರಾಂತಿ ಮುಗಿದಾಗ. ಎರಡೂ ನಿಯಮ ಬಿಡಿಬಿಡಿಯಾಗಿ ನಿರುಪದ್ರವಿ. ಈಗ ಇಬ್ಬರನ್ನೂ ಒಂದೇ ಪಾತ್ರದಲ್ಲಿ ಬೆರೆಸಿ. ಗಂಟೆಗೊಮ್ಮೆ ಕೂತೇಳುವುದು, ಬಂದ ಶಕ್ತಿಯನ್ನು ಬದಲಿಸಿ ಕೂಡಿಡುವುದು, ರಾತ್ರಿ ಮಾತ್ರ ಮಲಗದಿರುವುದು. ಮಂತ್ರದ ದಾಸ್ತಾನು ಬೆಳೆಯುತ್ತಲೇ ಹೋಗುತ್ತದೆ. ನಿದ್ದೆಯನ್ನೇ ಬಿಟ್ಟವನಿಗೆ ಕಾಫಿಯ ಹೆಸರು!

ಸ್ವಾರಸ್ಯ ಇರುವುದು ಮುಂದೆ. 2017ರ ಝನಾಥರ್ಸ್ ಪುಸ್ತಕ ಪೂರ್ತಿ ವಿಶ್ರಾಂತಿ ಇಲ್ಲದೆ ದಿನ ಕಳೆಯುವ ಪಾತ್ರ ಬಳಲುವಂತೆ ಮಾಡುವ ಐಚ್ಛಿಕ ನಿಯಮವೊಂದನ್ನು ತಂದಿತು. ಅದೇ ಪುಸ್ತಕ ವಾರ್‌ಲಾಕ್‌ಗೆ ನಿದ್ದೆಯ ಅಗತ್ಯವೇ ಇಲ್ಲದಂತೆ ಮಾಡುವ ಹೊಸ ಶಕ್ತಿಯನ್ನೂ ಕೊಟ್ಟಿತು! ನಿದ್ದೆ ಬೇಡದವನಿಗೆ ಆ ಬಳಲಿಕೆ ತಟ್ಟುತ್ತದೆಯೇ ಇಲ್ಲವೇ ಎಂದು ಮತ್ತೆ ಚರ್ಚೆ. ಮೂರು ವರ್ಷ ಕಾದು ತಂದ ಪುಸ್ತಕದ ಪಾಡೇ ಹೀಗಿದ್ದರೆ, ಆರು ತಿಂಗಳಿಗೊಂದು ತಂದಿದ್ದರೆ ಏನಾಗುತ್ತಿತ್ತೆಂದು ಊಹಿಸಿಕೊಳ್ಳಿ. ಕಂಪನಿಗೂ ಇದು ಗೊತ್ತಿತ್ತು ಅನ್ನುವುದಕ್ಕೆ ಒಂದು ಸುಳಿವಿದೆ. ಅಂಗಡಿ ಮತ್ತು ಸಮ್ಮೇಳನಗಳಲ್ಲಿ ನಡೆಯುವ ಅಧಿಕೃತ ಆಟಗಳಲ್ಲಿ ಬಹುಕಾಲ, ಒಂದು ಪಾತ್ರ ಕಟ್ಟಲು ಮೂಲ ಕೈಪಿಡಿಯ ಜೊತೆಗೆ ಇನ್ನೊಂದೇ ಒಂದು ಪುಸ್ತಕ ಬಳಸಬಹುದು ಎಂಬ ಮಿತಿ ಇತ್ತು.

ಇದರ ಜೊತೆ ಹೊಸಬರ ಮಾತೂ ಇದೆ. ಮೂರು ಪುಸ್ತಕಗಳಿರುವ ಆಟಕ್ಕೆ ಕಾಲಿಡುವುದು ಸುಲಭ, ಮೂವತ್ತಿರುವ ಆಟದ ಕಪಾಟು ನೋಡಿಯೇ ಜನ ವಾಪಸ್ ಹೋಗುತ್ತಾರೆ. 2016ರಲ್ಲಿ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯಲ್ಲಿ ಹುಡುಗರು ಈ ಆಟ ಆಡುವುದನ್ನು ಕಂಡು ಕುತೂಹಲಗೊಂಡವರಿಗೆ ಮೂಲ ನಿಯಮಗಳ ಪಿಡಿಎಫ್ ಉಚಿತವಾಗಿಯೇ ಸಿಗುತ್ತಿತ್ತು.

ಹಾಗಿದ್ದರೆ ದೂರಿದವರದ್ದೆಲ್ಲ ಸುಳ್ಳೇ?

ಅಲ್ಲ. ಫಾರ್ವರ್ಡ್‌ಗಳಲ್ಲಿ ಎರಡು ಬೇರೆ ಬೇರೆ ದೂರುಗಳು ಒಂದೇ ವಾಕ್ಯದಲ್ಲಿ ಸೇರಿಹೋಗಿರುತ್ತವೆ. ಹೊಸ ಆಟಿಕೆ ಬೇಕು ಎಂಬುದು ಒಂದು. ಕೊಟ್ಟ ಆಟಿಕೆ ಮುರಿದಿದೆ, ಸರಿಮಾಡಿ ಎಂಬುದು ಇನ್ನೊಂದು. ಮೊದಲನೆಯದಕ್ಕೆ ತಡಕೊಳ್ಳಿ ಎನ್ನಬಹುದು. ಎರಡನೆಯದಕ್ಕೆ ಹಾಗೆನ್ನುವುದು ನ್ಯಾಯವಲ್ಲ.

ಬೇಟೆಗಾರ ವರ್ಗ, ಅಂದರೆ ರೇಂಜರ್, ಇದಕ್ಕೆ ಒಳ್ಳೆಯ ಉದಾಹರಣೆ. 2014ರ ಪುಸ್ತಕದಲ್ಲಿ ಇವನ ಒಂದು ಒಳವಿಭಾಗಕ್ಕೆ ಸಂಗಾತಿಯಾಗಿ ಪ್ರಾಣಿ ಸಿಗುತ್ತಿತ್ತು. ತೋಳವೋ ಹದ್ದೋ ಜೊತೆಗಿರುವ ಬೇಟೆಗಾರ ಯಾರಿಗೆ ಬೇಡ? ಆದರೆ ಆ ಪ್ರಾಣಿ ಹಲ್ಲೆ ಮಾಡಬೇಕಾದರೆ ಬೇಟೆಗಾರ ತನ್ನ ಸರದಿಯ ಮುಖ್ಯ ಕ್ರಿಯೆಯನ್ನು ಆಜ್ಞೆ ಕೊಡುವುದಕ್ಕೇ ಖರ್ಚು ಮಾಡಬೇಕಿತ್ತು. ಆರಂಭದ ಹಂತಗಳಲ್ಲಿ ತೋಳ ಕಚ್ಚಿದರೆ ತಾನು ಬಾಣ ಬಿಡುವಂತಿಲ್ಲ. ಇಬ್ಬರಿದ್ದೂ ಒಬ್ಬರ ಕೆಲಸ. ಕಂಪನಿ ಇದನ್ನು ಗಮನಿಸದೆ ಇರಲಿಲ್ಲ. ‘ಅನ್‌ಅರ್ಥ್ಡ್ ಆರ್ಕಾನಾ’ ಎಂಬ ಹೆಸರಿನಲ್ಲಿ ಪ್ರಾಯೋಗಿಕ ನಿಯಮಗಳನ್ನು ಉಚಿತವಾಗಿ ಹಾಕಿ ಅಭಿಪ್ರಾಯ ಕೇಳುವ ಪದ್ಧತಿ ಅದಕ್ಕಿದೆ. ಅದರಲ್ಲಿ 2015ರಲ್ಲಿ ಒಮ್ಮೆ, 2016ರಲ್ಲಿ ಮತ್ತೊಮ್ಮೆ ರೇಂಜರ್‌ನ ಹೊಸ ರೂಪ ಬಂತು. ಎರಡೂ ಮುದ್ರಿತ ಪುಸ್ತಕಕ್ಕೆ ಏರಲಿಲ್ಲ. ಸಣ್ಣ ಆಜ್ಞೆಯೊಂದಕ್ಕೇ ಪ್ರಾಣಿ ಹಲ್ಲೆ ಮಾಡುವ, ಬೇಟೆಗಾರನ ಬಾಣವೂ ಉಳಿಯುವ ಅಧಿಕೃತ ಬದಲಿ ನಿಯಮ ಬಂದದ್ದು 2020ರ ನವೆಂಬರ್‌ನ ‘ಟಾಶಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್’ನಲ್ಲಿ. ಆರು ವರ್ಷ!

ಅದೂ ಐಚ್ಛಿಕ, ಇನ್ನೊಂದು ಪುಸ್ತಕ ಕೊಂಡವರಿಗೆ. ಮೊದಲ ಪುಸ್ತಕಕ್ಕೆ ಪೂರ್ತಿ ಬೆಲೆ ಕೊಟ್ಟ ಹುಡುಗಿಯೊಬ್ಬಳು ಇಷ್ಟಪಟ್ಟು ಬೇಟೆಗಾರ್ತಿಯಾಗಿ, ವಾರಕ್ಕೊಮ್ಮೆಯಂತೆ ಎರಡು ವರ್ಷ ಆಡಿ, ಪ್ರತಿ ಕಾಳಗದಲ್ಲೂ ಗೆಳೆಯರಿಗಿಂತ ಹಿಂದೆ ಉಳಿದಿದ್ದರೆ ಅವಳಿಗೆ ‘ಕೈಕುಲುಕು ಲೆಕ್ಕ’ ಹೇಳಿ ಸಮಾಧಾನ ಮಾಡಲಾಗದು. ಕಥೆ ನಡೆಸುವವರು ಒಪ್ಪಿದರೆ 2016ರ ಪ್ರಾಯೋಗಿಕ ರೂಪವನ್ನು ಮನೆಯಲ್ಲಿ ಬಳಸಬಹುದಿತ್ತು, ಎಷ್ಟೋ ಗುಂಪುಗಳು ಬಳಸಿದವು ಕೂಡ. ಅಧಿಕೃತ ಆಟಕೂಟದಲ್ಲಿ ಅಂಥ ಪ್ರಾಯೋಗಿಕ ನಿಯಮಗಳಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ.

ಆರ್ಟಿಫಿಸರ್ ಎಂಬ ಯಂತ್ರತಜ್ಞ ವರ್ಗದ ಪ್ರಾಯೋಗಿಕ ರೂಪ 2017ರಲ್ಲಿ ಬಂದು 2019ರಲ್ಲಿ ಪುಸ್ತಕ ಸೇರಿತು. ಮನಃಶಕ್ತಿಯ ‘ಮಿಸ್ಟಿಕ್’ ವರ್ಗದ ಕರಡು 2015ರಿಂದ ಮೂರು ವರ್ಷ ವರ್ಷಕ್ಕೊಂದರಂತೆ ಬಂತು, ಕೊನೆಗೆ 2020ರಲ್ಲಿ ಅದನ್ನು ಕೈಬಿಡಲಾಯಿತು. ಕಾದವರಿಗೆ ಸಿಟ್ಟು ಬಂದದ್ದು ಸಹಜ. ನನಗೆ ಕೇಳಿದರೆ, ಸರಿಹೋಗದ ನಿಯಮವನ್ನು ಅಚ್ಚು ಹಾಕಿ ಮಾರುವುದಕ್ಕಿಂತ ಇದೇ ವಾಸಿ. ಇನ್ನು, ಅಧಿಕೃತವಾದದ್ದೇ ಬೇಕೆಂಬ ಹಟವಿಲ್ಲದವರಿಗೆ 2016ರ ಜನವರಿಯಲ್ಲಿ ಮತ್ತೊಂದು ಬಾಗಿಲು ತೆರೆಯಿತು. ಮೂಲ ನಿಯಮಗಳ ಭಾಗವೊಂದನ್ನು ಇತರರೂ ಬಳಸಲು ಕಂಪನಿ ಬಿಟ್ಟಿತು. ಅಭಿಮಾನಿಗಳು ತಾವೇ ಬರೆದ ನಿಯಮಗಳನ್ನು ಮಾರುವ ಆನ್‌ಲೈನ್ ಅಂಗಡಿಯೂ ಆಗಲೇ ಶುರುವಾಯಿತು.

ಆದ್ದರಿಂದ ಮುಂದಿನ ಸಲ ‘ಹೊಸ ಪುಸ್ತಕವಿಲ್ಲ, ಆಟ ಮುಗಿಯಿತು’ ಎಂಬ ಸಂದೇಶ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಪ್ರಕಾಶಕರ ಸ್ವಂತ ಪುಟ ನೋಡಿ. ಪ್ರಾಯೋಗಿಕ ನಿಯಮಗಳು ಬರುತ್ತಿವೆಯೇ, ಹಳೆಯ ಪುಸ್ತಕಗಳ ತಪ್ಪು-ಒಪ್ಪು ಪಟ್ಟಿ ನವೀಕರಣಗೊಳ್ಳುತ್ತಿದೆಯೇ, ಮೂಲ ಪುಸ್ತಕಗಳು ಇನ್ನೂ ಅಚ್ಚಾಗುತ್ತಿವೆಯೇ? ಇವು ಮೂರೂ ನಿಂತಿದ್ದರೆ ಚಿಂತಿಸಲು ಕಾರಣವಿದೆ.

ಅಂದ ಹಾಗೆ, ಪರಿಷ್ಕೃತ ಕೈಪಿಡಿ 2024ರ ಸೆಪ್ಟೆಂಬರ್‌ನಲ್ಲಿ ಬಂದಾಗ ವಾದ ತಲೆಕೆಳಗಾಗಿತ್ತು. ಇಷ್ಟು ಬೇಗ ಹೊಸದೇಕೆ, ಅದೇ ಪುಸ್ತಕವನ್ನು ಮತ್ತೆ ಮಾರುತ್ತಿದ್ದಾರೆ ಎಂದು ಕೆಲವರು ಮುನಿದರು. ಅದರಲ್ಲಿ ರೇಂಜರ್‌ನನ್ನು ಮತ್ತೆ ತಿದ್ದಲಾಗಿದೆ. ಬೇಟೆಯ ಗುರುತು ಹಾಕುವ ಒಂದೇ ಮಂತ್ರದ ಮೇಲೆ ಅವನನ್ನು ಅತಿಯಾಗಿ ಅವಲಂಬಿಸುವಂತೆ ಮಾಡಿದ್ದಾರೆ ಎಂದು ಈಗ ಹೊಸ ದೂರು.